ಹಿಪ್ಪುನೇರಳೆ ತೋಟದ ಪಕ್ಕದ ಗದ್ದೆ

ಮಳವಳ್ಳಿ, ಮದ್ದೂರು ಕಡೆ ರೇಷ್ಮೆ ಮೇಯಿಸುವವರು ಸೊಪ್ಪು ಕೊಯ್ಯಲು ಹೋದಾಗ ಮೊದಲು ಕಣ್ಣು ಹಾಯಿಸುವುದು ಪಕ್ಕದವರ ಗದ್ದೆಯ ಮೇಲೆ. ಅಲ್ಲಿ ಔಷಧಿ ಹೊಡೆದಿದ್ದಾರೆಯೇ, ಹೊಡೆದು ಎಷ್ಟು ದಿನವಾಯಿತು, ಆವತ್ತು ಗಾಳಿ ಯಾವ ದಿಕ್ಕಿಗಿತ್ತು ಎಂದು ವಿಚಾರಿಸದೆ ಬದುವಿನ ಪಕ್ಕದ ಸಾಲಿಗೆ ಕುಡುಗೋಲು ಹಾಕುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಹೊರೆಗಟ್ಟಲೆ ಸೊಪ್ಪು ಮುಗಿಸುವ ದಿನಗಳಲ್ಲಿ ವಿಷ ಸೋಕಿದ ಒಂದೇ ಹೊರೆ ಮನೆಯೊಳಕ್ಕೆ ಬಂದರೂ ಬೆಳೆ ಪೂರ್ತಿ ತಿಪ್ಪೆ ಸೇರಬಹುದು. ಮೊಟ್ಟೆಗೆ ಕೊಟ್ಟ ದುಡ್ಡು, ತೋಟಕ್ಕೆ ಹಾಕಿದ ಗೊಬ್ಬರ, ರಾಮನಗರದ ಗೂಡಿನ ಮಾರುಕಟ್ಟೆ ನಂಬಿ ಮಾಡಿದ ಸಾಲ, ಎಲ್ಲದರ ಲೆಕ್ಕವೂ ಆ ಹೊರೆಯ ಜೊತೆಗೇ ಹೋಗುತ್ತದೆ.

ಕುಲಾಂತರಿ ಬೆಳೆ ಸುರಕ್ಷಿತವೋ ಅಪಾಯಕಾರಿಯೋ ಎಂಬ ವಾದವನ್ನು ಮಂಡ್ಯ ಜಿಲ್ಲೆಯಲ್ಲಿ ಎತ್ತುವುದಾದರೆ ಈ ಬದುವಿನ ಮೇಲೆ ನಿಂತೇ ಎತ್ತಬೇಕು. ಕುಲಾಂತರಿ ಎಂದ ಕೂಡಲೇ ನಮ್ಮ ರೈತರ ಬಾಯಿಗೆ ಬರುವ ಹೆಸರು ಬಿಟಿ, ಅದರ ಜೊತೆಗೆ ಹತ್ತಿ. ಆದರೆ ಬಿಟಿಯ ಹುಟ್ಟಿನ ಕತೆಯಲ್ಲಿ ಹತ್ತಿ ಎಲ್ಲೂ ಇಲ್ಲ, ರೇಷ್ಮೆ ಇದೆ. 1901ರಲ್ಲಿ ಜಪಾನಿನ ಇಶಿವಾಟ ಶಿಗೆತಾನೆ ಎಂಬ ವಿಜ್ಞಾನಿ, ರೇಷ್ಮೆ ಹುಳುಗಳು ಇದ್ದಕ್ಕಿದ್ದಂತೆ ಕುಸಿದು ಸಾಯುವ ರೋಗದ ಬೆನ್ನು ಹತ್ತಿದಾಗ ಸತ್ತ ಹುಳುವಿನೊಳಗೆ ಸಿಕ್ಕ ಬ್ಯಾಕ್ಟೀರಿಯಾ ಇದು. ಹತ್ತು ವರ್ಷದ ಮೇಲೆ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಅದನ್ನೇ ಮತ್ತೆ ಕಂಡರು. ಅಲ್ಲಿನ ಥುರಿಂಗಿಯಾ ಪ್ರಾಂತ್ಯದ ಹೆಸರು ಸೇರಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಆಯಿತು. ಅದೇ ಚುಟುಕಾಗಿ ಬಿಟಿ.

ಈ ಬ್ಯಾಕ್ಟೀರಿಯಾ ತನ್ನೊಳಗೆ ಒಂದು ಪ್ರೋಟೀನನ್ನು ಹರಳಿನ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಪತಂಗ ಜಾತಿಯ ಮರಿಹುಳು ಅದನ್ನು ನುಂಗಿದರೆ ಅದರ ಕ್ಷಾರಗುಣದ ಕರುಳಿನಲ್ಲಿ ಹರಳು ಕರಗಿ, ಕರುಳಿನ ಗೋಡೆಯಲ್ಲಿರುವ ನಿರ್ದಿಷ್ಟ ಗ್ರಾಹಕಗಳಿಗೆ ಕಚ್ಚಿಕೊಂಡು, ಗೋಡೆಯನ್ನೇ ತೂತು ಮಾಡುತ್ತದೆ. ಮನುಷ್ಯನ ಹೊಟ್ಟೆ ಆಮ್ಲದ್ದು, ಆ ಗ್ರಾಹಕಗಳೂ ನಮ್ಮ ಕರುಳಿನಲ್ಲಿಲ್ಲ. ಹೀಗಾಗಿ ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನು ನಮ್ಮನ್ನು ಮುಟ್ಟದೆ ಹೋಗುತ್ತದೆ ಎಂಬ ವಿವರಣೆಯಲ್ಲಿ ಹುರುಳಿದೆ. ಆದರೆ ಹತ್ತಿಯ ಕಾಯಿಕೊರಕ, ಭತ್ತದ ಕಾಂಡಕೊರಕ, ಮಳವಳ್ಳಿಯ ತಟ್ಟೆಯಲ್ಲಿ ಸೊಪ್ಪು ಮೇಯುವ ರೇಷ್ಮೆ ಹುಳು, ಮೂರೂ ಒಂದೇ ಬಳಗದವು. ಆ ವಿಷಕ್ಕೆ ಯಾವುದು ವೈರಿ, ಯಾವುದು ಅನ್ನದಾತ ಎಂಬ ಭೇದ ಗೊತ್ತಿಲ್ಲ.

ಹಾಗೆಂದು ಬಿಟಿ ಬೆಳೆ ಬಂದ ಮರುದಿನವೇ ರೇಷ್ಮೆ ಮನೆಗಳು ಖಾಲಿಯಾಗುತ್ತವೆ ಎಂದು ಹೆದರಿಸುವುದೂ ಸರಿಯಲ್ಲ. ವಿಷ ಇರುವುದು ಬೆಳೆಯ ಅಂಗಾಂಶದೊಳಗೆ. ಹಿಪ್ಪುನೇರಳೆ ಎಲೆಗೆ ಅದು ತಲುಪಬೇಕಾದರೆ ಪರಾಗದ ಮೂಲಕವೇ ಬರಬೇಕು. 1999ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಬಿಟಿ ಮೆಕ್ಕೆಜೋಳದ ಪರಾಗ ತಿಂದ ಮೊನಾರ್ಕ್ ಚಿಟ್ಟೆಯ ಮರಿಗಳು ಸಾಯುತ್ತವೆ ಎಂದು ಪ್ರಕಟಿಸಿ ಜಗತ್ತನ್ನೇ ಬೆಚ್ಚಿಬೀಳಿಸಿದರು. ಎರಡು ವರ್ಷದ ನಂತರ ಹೊಲದಲ್ಲೇ ನಡೆದ ವಿಸ್ತಾರವಾದ ಅಧ್ಯಯನಗಳು, ಎಲೆಯ ಮೇಲೆ ನಿಜಕ್ಕೂ ಬೀಳುವ ಪರಾಗದ ಪ್ರಮಾಣದಲ್ಲಿ ಅಪಾಯ ತೀರಾ ಕಡಿಮೆ ಎಂದವು. ಆದರೆ ಪರಾಗದಲ್ಲೇ ವಿಷ ಹೆಚ್ಚಾಗಿದ್ದ ಒಂದು ತಳಿ ಮಾತ್ರ ಅಪಾಯಕಾರಿ ಎನ್ನಿಸಿಕೊಂಡಿತು. ಚೀನಾದಲ್ಲಿ ಭತ್ತದ ಗದ್ದೆ ಮತ್ತು ಹಿಪ್ಪುನೇರಳೆ ತೋಟ ಅಕ್ಕಪಕ್ಕದಲ್ಲಿ ಇರುವುದರಿಂದ ಅಲ್ಲಿನವರು ಬಿಟಿ ಭತ್ತದ ಪರಾಗವನ್ನು ರೇಷ್ಮೆ ಹುಳುವಿಗೇ ತಿನ್ನಿಸಿ ನೋಡಿದರು. ಸಹಜ ಪ್ರಮಾಣದಲ್ಲಿ ಗಣನೀಯ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಅಷ್ಟೆಲ್ಲ ಮಾಡಿಯೂ, 2009ರಲ್ಲಿ ಎರಡು ಬಿಟಿ ಭತ್ತಗಳಿಗೆ ಸುರಕ್ಷತಾ ಪ್ರಮಾಣಪತ್ರ ಕೊಟ್ಟ ಚೀನಾ ಅವನ್ನು ರೈತರ ಗದ್ದೆಗೆ ಬಿಡಲಿಲ್ಲ.

ನಮಗೆ ಬೇಕಾದದ್ದು ಇಂಥ ಪ್ರಶ್ನೆ, ಇಂಥ ಉತ್ತರ. 'ಕುಲಾಂತರಿ ಒಳ್ಳೆಯದೇ?' ಎಂದು ಸಗಟಾಗಿ ಕೇಳಿದರೆ ಬರುವ ಉತ್ತರವೂ ಸಗಟಾಗಿಯೇ ಇರುತ್ತದೆ, ಅದರಿಂದ ಯಾರ ಗದ್ದೆಗೂ ಉಪಯೋಗವಿಲ್ಲ. ಯಾವ ಜೀನು, ಯಾವ ಬೆಳೆಯೊಳಗೆ, ಯಾವ ಬೆಳೆಯ ಪಕ್ಕದಲ್ಲಿ, ಎಂದು ಕೇಳಬೇಕು. ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಹತ್ತು ಗುಂಟೆಗೊಂದು ಬೆಳೆ ಬದಲಾಗುತ್ತದೆ. ಭತ್ತದ ಮಗ್ಗುಲಲ್ಲಿ ಕಬ್ಬು, ಕಬ್ಬಿನ ಆಚೆ ಹಿಪ್ಪುನೇರಳೆ, ಏರು ಭೂಮಿಯಲ್ಲಿ ರಾಗಿ. ಅಮೆರಿಕದ ಸಾವಿರ ಎಕರೆಯ ಮೆಕ್ಕೆಜೋಳದ ಹೊಲದಲ್ಲಿ ಪಾಸಾದ ಬೆಳೆ ಇಲ್ಲೂ ಪಾಸಾಯಿತು ಎನ್ನುವುದಕ್ಕೆ ಆಧಾರವಿಲ್ಲ, ಫೇಲಾಯಿತು ಎನ್ನುವುದಕ್ಕೂ ಇಲ್ಲ.

ಈ ಮಾತಿಗೆ ಒಂದು ತಿರುವೂ ಇದೆ. ರೇಷ್ಮೆ ಮನೆಯವರ ನಿದ್ದೆ ಕೆಡಿಸುವ ರೋಗಗಳಲ್ಲಿ ಹಾಲುತೊಂಡೆ ದೊಡ್ಡದು. ಅದು ವೈರಾಣುವಿನಿಂದ ಬರುತ್ತದೆ, ಬಂದ ಮೇಲೆ ಮದ್ದಿಲ್ಲ. ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯಲ್ಲಿ ಜೆ. ನಾಗರಾಜು ಅವರ ತಂಡ ಈ ವೈರಾಣುವನ್ನು ತಡೆಯುವ ಕುಲಾಂತರಿ ರೇಷ್ಮೆ ಹುಳುವನ್ನೇ ರೂಪಿಸಿತು. ನಾಗರಾಜು 2012ರ ಕೊನೆಯಲ್ಲಿ ತೀರಿಕೊಂಡರು. ಆ ಹುಳು ರೈತರ ಮನೆಗೆ ಬಂದಿಲ್ಲ. ಬಿಟಿ ಪರಾಗಕ್ಕೆ ಹೆದರುವ ರೇಷ್ಮೆ ರೈತ ಹಾಲುತೊಂಡೆ ಬಾರದ ಕುಲಾಂತರಿ ಹುಳುವನ್ನು ಬೇಡ ಎನ್ನುತ್ತಾನೆಯೇ? ನನಗೇನೋ ಅನುಮಾನ. ಎರಡೂ ಒಂದೇ ತಂತ್ರ ಎಂಬ ಕಾರಣಕ್ಕೆ ಎರಡಕ್ಕೂ ಒಂದೇ ಉತ್ತರ ಕೊಡಬೇಕಾಗಿಲ್ಲ.

ಬೀಜ ಬದಲಾದ ಊರು

ಮಂಡ್ಯದವರಿಗೆ ಬೀಜ ಬದಲಾಗುವುದು ಹೊಸತಲ್ಲ. ಈ ಜಿಲ್ಲೆಯ ಈಗಿನ ರೂಪವೇ ಬದಲಾದ ಬೀಜದಿಂದ ಬಂದದ್ದು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್ ನಾಲೆಯ ನೀರಿನ ಜೊತೆಗೆ ಕಬ್ಬನ್ನೂ ಸಕ್ಕರೆ ಕಾರ್ಖಾನೆಯನ್ನೂ ಯೋಚಿಸಿದರು. ಮೈಸೂರು ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾಯಿತು. ಇಲ್ಲಿ ಬೆಳೆದ ಕೋ ತಳಿಗಳು ಕೊಯಮತ್ತೂರಿನವು. ಕಬ್ಬಿನ ಕುಲವನ್ನು ಕಾಡು ಹುಲ್ಲಿನಂಥ ಸಂಬಂಧಿಯ ಜೊತೆ ಕೂಡಿಸುವ ಕೆಲಸ ಅಲ್ಲಿ 1912ರಿಂದ ನಡೆದಿತ್ತು. ಎರಡು ಬೇರೆ ಬೇರೆ ಜಾತಿಗಳನ್ನು ಬೆರೆಸಿದ ಆ ಕಬ್ಬಿಗೆ ಆಗ ಯಾವ ಸುರಕ್ಷತಾ ಸಮಿತಿಯೂ ಇರಲಿಲ್ಲ. ಬೆಲ್ಲ ತಿಂದವರಿಗೆ ಏನೂ ಆಗಲಿಲ್ಲ ಎನ್ನುವುದು ನಿಜ. ಯಾರೂ ಕೇಳಲಿಲ್ಲ ಎನ್ನುವುದೂ ನಿಜ.

ಮುಂದೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ರಾಗಿಯನ್ನು ಹಿಡಿದು ಕೂತರು. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ, ತನಗೆ ತಾನೇ ಪರಾಗ ಹಚ್ಚಿಕೊಂಡು ಮುಗಿಸಿಬಿಡುತ್ತದೆ. ಅಂಥದ್ದರಲ್ಲಿ ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ಸಾಲಿನ ತಳಿಗಳನ್ನು ತೆಗೆದರು. ಜನ ಅವರನ್ನು ರಾಗಿ ಬ್ರಹ್ಮ ಎಂದರು. ಇಂಡಾಫ್ 5, ಇಂಡಾಫ್ 9ರ ವಂಶದಲ್ಲೇ ಬೆಂಕಿ ರೋಗ ತಡೆಯುವ ಜಿಪಿಯು 28 ಹುಟ್ಟಿತು. ಆ ತಳಿಗಳ ಹೆಗ್ಗಳಿಕೆ ಇಳುವರಿಯದ್ದು ಮಾತ್ರವಲ್ಲ. ಒಮ್ಮೆ ತಂದ ಬೀಜವನ್ನು ಕಣದಲ್ಲಿ ಎತ್ತಿಟ್ಟುಕೊಂಡು ವರ್ಷವರ್ಷ ಬಿತ್ತಬಹುದಿತ್ತು, ನೆಂಟರಿಗೆ ಸೇರು ಅಳೆದು ಕೊಡಬಹುದಿತ್ತು.

ಅದು ತಪ್ಪಿದ್ದು ಹೈಬ್ರಿಡ್‌ನಿಂದ. ಡಾ. ಎಂ. ಮಹದೇವಪ್ಪನವರು ಬೇರೂರಿಸಿದ ಹೈಬ್ರಿಡ್ ಭತ್ತದ ಕೆಲಸ ಇದೇ ಮಂಡ್ಯದಲ್ಲಿ ಫಲ ಕೊಟ್ಟಿತು. 1994ರಲ್ಲಿ ಕೆಆರ್‌ಎಚ್-1, 1996ರಲ್ಲಿ ಕೆಆರ್‌ಎಚ್-2 ಬಂದವು. ದೇಶದ ಮೊದಲ ಹೈಬ್ರಿಡ್ ಭತ್ತಗಳ ಪಟ್ಟಿಯಲ್ಲಿ ಕೆಆರ್‌ಎಚ್-1 ಇದೆ. ಹೈಬ್ರಿಡ್ ಬೀಜ ಮಾಡಬೇಕಾದರೆ ತಾಯಿ ಸಾಲಿನ ಗಂಡು ಭಾಗ ಬಂಜೆಯಾಗಬೇಕು. ಭತ್ತದಲ್ಲಿ ಆ ಬಂಜೆತನ ಸಿಕ್ಕಿದ್ದು 1970ರಲ್ಲಿ ಚೀನಾದ ಹೈನಾನ್ ದ್ವೀಪದ ಕಾಡು ಭತ್ತದಲ್ಲಿ. ಆ ಮೂಲದ ತಾಯಿ ಸಾಲಿಗೆ ಮಂಡ್ಯದ ಕೆಎಂಆರ್-3 ಗಂಡಾಯಿತು, ಕೆಆರ್‌ಎಚ್-2 ಹುಟ್ಟಿತು. ಬೀಜ ಪ್ರತಿ ವರ್ಷ ಕೊಳ್ಳಬೇಕು. ಬೀಜದ ಸ್ವಾತಂತ್ರ್ಯ ಕುಲಾಂತರಿಯಿಂದ ಹೋಯಿತು ಎನ್ನುವವರು ಇದನ್ನು ಮರೆಯಬಾರದು. ಅದು ಮೊದಲು ಹೋದದ್ದು ಯಾವ ಬಹುರಾಷ್ಟ್ರೀಯ ಕಂಪನಿಯೂ ಇಲ್ಲದೆ, ನಮ್ಮದೇ ಸರ್ಕಾರಿ ಸಂಶೋಧನಾ ಗದ್ದೆಯಲ್ಲಿ, ಹೆಚ್ಚಿನ ಇಳುವರಿಗೆ ನಾವೇ ಕೊಟ್ಟ ಬೆಲೆಯಾಗಿ.

ಇವತ್ತು ಸುಪ್ರೀಂ ಕೋರ್ಟಿನಲ್ಲಿರುವ ಕುಲಾಂತರಿ ಸಾಸಿವೆಯ ಕತೆಯೂ ಇದೇ. ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಾಲ್ ಅವರ ತಂಡದ ಡಿಎಂಎಚ್-11 ಸಾಸಿವೆಯಲ್ಲಿ ಗಂಡು ಬಂಜೆತನ ತರಲು ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನು, ಅದನ್ನು ಮತ್ತೆ ಸರಿಪಡಿಸಲು ಇನ್ನೊಂದು ಜೀನು, ಜೊತೆಗೆ ಕಳೆನಾಶಕ ತಾಳಿಕೊಳ್ಳುವ ಮೂರನೆಯದು ಇವೆ. ಮೊದಲಿನ ಎರಡು ಮಾಡುವುದು ಕೆಆರ್‌ಎಚ್-2ರಲ್ಲಿ ಕಾಡು ಭತ್ತವೂ ಗಂಡು ಸಾಲೂ ಸೇರಿ ಮಾಡಿದ ಕೆಲಸವನ್ನೇ. ತಕರಾರು ಬಲವಾಗಿರುವುದು ಮೂರನೆಯದರ ಮೇಲೆ. 2022ರ ಅಕ್ಟೋಬರಿನಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಭಾಗವಾದ ತೀರ್ಪು ಕೊಟ್ಟರು. ಸಂಜಯ್ ಕರೋಲ್ ಅವರು ಒಪ್ಪಿಗೆಯನ್ನು ಎತ್ತಿಹಿಡಿದರು. ಬಿ.ವಿ. ನಾಗರತ್ನ ಅವರು, ಮುನ್ನೆಚ್ಚರಿಕೆಯ ತತ್ವ ಪಾಲನೆಯಾಗಿಲ್ಲ ಎಂದು ಅದನ್ನು ರದ್ದು ಮಾಡಿದರು. ನಾಗರತ್ನ ಅವರ ತಂದೆ, ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯನವರ ಹುಟ್ಟೂರು ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆ. ನಾಲೆ ಸೀಮೆಯ ನಂಟು ಈ ಮೊಕದ್ದಮೆಗೂ ಬಂತು ಎಂದು ಹೆಮ್ಮೆಪಡುವವರು ಪಡಬಹುದು. ನನಗೆ ಮುಖ್ಯವಾಗಿ ಕಂಡದ್ದು ಇಬ್ಬರೂ ಒಪ್ಪಿದ ಮಾತು: ದೇಶಕ್ಕೆ ಕುಲಾಂತರಿ ಬೆಳೆಗಳ ಬಗ್ಗೆ ಒಂದು ರಾಷ್ಟ್ರೀಯ ನೀತಿ ಬೇಕು, ರೈತರನ್ನೂ ರಾಜ್ಯಗಳನ್ನೂ ಕೇಳಿ ಅದನ್ನು ಮಾಡಬೇಕು. ಬಿಟಿ ಹತ್ತಿ ಬಂದು ಇಪ್ಪತ್ತೆರಡು ವರ್ಷವಾದ ಮೇಲೆ ನ್ಯಾಯಾಲಯ ಇದನ್ನು ಹೇಳಬೇಕಾಯಿತು.

ಸುಟ್ಟ ಹತ್ತಿ, ಉಳಿದ ಹುಳು

ರಾಜ್ಯ ರೈತ ಸಂಘಕ್ಕೆ ಮಂಡ್ಯ ಗಟ್ಟಿ ನೆಲ. ಎಂ.ಡಿ. ನಂಜುಂಡಸ್ವಾಮಿಯವರ ಸಭೆಗಳಿಗೂ ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರ ಚಳವಳಿಗಳಿಗೂ ಹಸಿರು ಶಾಲು ಹೊದ್ದು ಬಂದ ಮನೆಗಳು ಇಲ್ಲಿ ಊರೂರಲ್ಲಿವೆ. 1998ರ ನವೆಂಬರ್ ಕೊನೆಯಲ್ಲಿ ನಂಜುಂಡಸ್ವಾಮಿಯವರು ಸಿಂಧನೂರು ತಾಲ್ಲೂಕಿನಲ್ಲಿ ಮಾನ್ಸಾಂಟೊ ಕಂಪನಿಯ ಪ್ರಯೋಗದ ಬಿಟಿ ಹತ್ತಿಗೆ ಬೆಂಕಿ ಇಡಿಸಿದಾಗ ಅದು ಜಗತ್ತಿನ ಸುದ್ದಿಯಾಯಿತು. ಆ ಹೊಲದ ರೈತನಿಗೆ ತನ್ನ ಹೊಲದಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನೇ ಸರಿಯಾಗಿ ಹೇಳಿರಲಿಲ್ಲ ಎಂಬುದು ಸಂಘದ ಆರೋಪ. ಅದೇ ಹೊತ್ತಿನಲ್ಲಿ, ಆ ಹತ್ತಿಯಲ್ಲಿ ಬೀಜವನ್ನು ಮೊಳೆಯದಂತೆ ಮಾಡುವ 'ಟರ್ಮಿನೇಟರ್' ಜೀನು ಇದೆ ಎಂಬ ಸುದ್ದಿಯೂ ಹಬ್ಬಿತ್ತು. ಇರಲಿಲ್ಲ. ಆ ತಂತ್ರಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ, ಅದು ಇವತ್ತಿಗೂ ಮಾರುಕಟ್ಟೆಗೆ ಬಂದಿಲ್ಲ. ನಂಜುಂಡಸ್ವಾಮಿ ಎತ್ತಿದ್ದು ಬೀಜದ ಒಡೆಯ ಯಾರು ಎಂಬ ಪ್ರಶ್ನೆ, ಅದು ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಓಡಾಡಿದ ಗಾಳಿಮಾತುಗಳು ಆ ಪ್ರಶ್ನೆಯ ತೂಕ ಕಡಿಮೆ ಮಾಡಿದವು.

2002ರ ಮಾರ್ಚಿನಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಆಮೇಲೆ ಆದದ್ದನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಹೇಳುತ್ತಾರೆ. ಮೊದಲ ವರ್ಷಗಳಲ್ಲಿ ಅಮೆರಿಕನ್ ಕಾಯಿಕೊರಕ ತಗ್ಗಿತು, ಔಷಧಿಯ ಖರ್ಚು ಇಳಿಯಿತು, ರೈತರು ಸಾಲುಗಟ್ಟಿ ನಿಂತು ಬೀಜ ಕೊಂಡರು. 450 ಗ್ರಾಮಿನ ಪೊಟ್ಟಣ 1,600 ರೂಪಾಯಿ ದಾಟಿದಾಗ ಆಂಧ್ರ ಸರ್ಕಾರ ಕಂಪನಿಯ ಮೇಲೆ ದೂರು ಕೊಟ್ಟು 2006ರಲ್ಲಿ ಬೆಲೆಯನ್ನು 750ಕ್ಕೆ ಇಳಿಸಿತು. ನಂತರ ಗುಲಾಬಿ ಕಾಯಿಕೊರಕ ಬಂತು. ಮೊದಲ ಬಿಟಿಯನ್ನು ಅದು ಅರಗಿಸಿಕೊಂಡಿದೆ ಎಂದು ಗುಜರಾತಿನ ಹೊಲಗಳಿಂದ ಕಂಪನಿಯೇ 2010ರಲ್ಲಿ ಒಪ್ಪಿಕೊಂಡಿತು. ಎರಡನೇ ಬಿಟಿಯೂ ಕೆಲವೇ ವರ್ಷದಲ್ಲಿ ಸೋತಿತು, ರಾಯಚೂರು ಸೀಮೆಯಲ್ಲೂ ಕಾಯಿ ಒಡೆದರೆ ಒಳಗೆ ಹುಳು. 2020ರಲ್ಲಿ 'ನೇಚರ್ ಪ್ಲಾಂಟ್ಸ್' ಪತ್ರಿಕೆಯಲ್ಲಿ ಕೇಶವ ಕ್ರಾಂತಿ ಮತ್ತು ಗ್ಲೆನ್ ಸ್ಟೋನ್ ಬರೆದ ಪ್ರಕಾರ, ಭಾರತದ ಹತ್ತಿ ರೈತ ಈಗ ಕೀಟನಾಶಕಕ್ಕೆ ಮಾಡುವ ಖರ್ಚು ಬಿಟಿ ಬರುವ ಮೊದಲಿಗಿಂತ ಹೆಚ್ಚು. ಕ್ರಾಂತಿಯವರು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದವರು, ಹೊರಗೆ ನಿಂತು ಕೂಗುವವರಲ್ಲ.

ಇದೇ ಜೀನು, ಇದೇ ಹುಳು, ಅಮೆರಿಕದಲ್ಲಿ ಬೇರೆಯದೇ ಕತೆ. ಅಲ್ಲಿ ಬಿಟಿ ಹತ್ತಿಯ ಪಕ್ಕ ಬಿಟಿಯಲ್ಲದ ಹತ್ತಿಯನ್ನು ನಿಯಮದಂತೆ ಬೆಳೆದರು, ಬಂಜೆ ಪತಂಗಗಳನ್ನು ವಿಮಾನದಿಂದ ಬಿಟ್ಟರು. 2018ರಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತು ಎಂದು ಸರ್ಕಾರ ಘೋಷಿಸಿತು. ನಮ್ಮಲ್ಲಿ ಬೀಜದ ಪೊಟ್ಟಣದ ಜೊತೆ ಬಂದ 120 ಗ್ರಾಮಿನ ಬಿಟಿಯಲ್ಲದ ಬೀಜವನ್ನು ಹೆಚ್ಚಿನವರು ಬಿತ್ತಲೇ ಇಲ್ಲ. ಎರಡು ಎಕರೆಯವನು ಐದು ಸಾಲು ಹುಳುವಿಗೆ ಬಿಟ್ಟುಕೊಡಲಿ ಎಂದು ಕಾಗದದ ಮೇಲೆ ಬರೆಯುವುದು ಸುಲಭ. ಮಂಡ್ಯಕ್ಕೆ ನಾಳೆ ಬಿಟಿ ಭತ್ತವೋ ಬಿಟಿ ಕಬ್ಬೋ ಬಂದರೆ ಹತ್ತು ಗುಂಟೆಯ ತಾಕಿನಲ್ಲಿ ಆ ಸಾಲುಗಳು ಎಲ್ಲಿರುತ್ತವೆ ಎಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಕಬ್ಬಿನ ಮಾತು ಬರೀ ಊಹೆಯಲ್ಲ. ಬ್ರೆಜಿಲ್ 2017ರಲ್ಲೇ ಕೊರಕ ಹುಳು ತಡೆಯುವ ಬಿಟಿ ಕಬ್ಬಿಗೆ ಒಪ್ಪಿಗೆ ಕೊಟ್ಟಿದೆ. ಕಬ್ಬನ್ನು ನಾವು ತುಂಡಿನಿಂದ ನೆಡುತ್ತೇವೆ, ಸೂಲಂಗಿ ಬಂದರೂ ಬೀಜದ ಮೂಲಕ ಹರಡುವ ಭಯ ಕಡಿಮೆ. ಶುದ್ಧೀಕರಿಸಿದ ಸಕ್ಕರೆಯಲ್ಲಿ ಪ್ರೋಟೀನು ಉಳಿಯುವುದಿಲ್ಲ ಎಂದು ಬ್ರೆಜಿಲ್‌ನವರು ತೋರಿಸಿದ್ದಾರೆ. ಆದರೆ ಮಂಡ್ಯದ ಕಬ್ಬು ಪೂರ್ತಿ ಕಾರ್ಖಾನೆಗೆ ಹೋಗುವುದಿಲ್ಲ. ಆಲೆಮನೆಯ ಬೆಲ್ಲ ಶುದ್ಧೀಕರಿಸಿದ ಸಕ್ಕರೆಯಲ್ಲ, ಕಬ್ಬಿನ ರಸವನ್ನೇ ಲೋಟದಲ್ಲಿ ಕುಡಿಯುವ ಜನ ನಾವು. ಬೆಲ್ಲಕ್ಕೂ ಕಬ್ಬಿನ ಹಾಲಿಗೂ ಬೇರೆಯೇ ಪರೀಕ್ಷೆ ಬೇಕು.

ತಟ್ಟೆಯಲ್ಲಿ ಏನಿದೆ

ತಿಂದರೆ ಏನಾಗುತ್ತದೆ ಎಂಬ ಭಯವೇ ಎಲ್ಲರಿಗಿಂತ ಜೋರಾಗಿ ಮಾತಾಡುತ್ತದೆ. ನನ್ನ ಪ್ರಕಾರ ಅದಕ್ಕಿರುವ ಆಧಾರವೇ ಎಲ್ಲಕ್ಕಿಂತ ತೆಳು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ, ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರದಿಂದ ಆರೋಗ್ಯಕ್ಕೆ ಹೆಚ್ಚಿನ ಅಪಾಯವಿದೆ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ ಎಂದವು. ಅದೇ ವರದಿ, ಇಳುವರಿಯ ಏರಿಕೆಯ ವೇಗ ಕುಲಾಂತರಿಯಿಂದ ಹೆಚ್ಚಿದೆ ಎನ್ನುವುದಕ್ಕೂ ಸಾಕ್ಷ್ಯವಿಲ್ಲ ಎಂದಿತು. ಮೊದಲ ಮಾತನ್ನು ಕಂಪನಿಗಳೂ ಎರಡನೆಯದನ್ನು ವಿರೋಧಿಗಳೂ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಪರೀಕ್ಷೆ ಮಾಡಿದರೆ ಅಪಾಯ ಸಿಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಬ್ರೆಜಿಲ್ ನಟ್‌ನ ಜೀನು ಸೇರಿಸಿದ ಸೋಯಾದಿಂದ ಆ ಕಾಯಿಯ ಅಲರ್ಜಿ ಇರುವವರಿಗೆ ತೊಂದರೆಯಾಗಬಹುದು ಎಂದು 1996ರಲ್ಲಿ ತಿಳಿಯಿತು, ಸೋಯಾ ಹೊರಗೇ ಬರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಕೊಟ್ಟಿಗೆಯದು. ದೇಶದ ಹತ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ಬಿಟಿ. ಹತ್ತಿಬೀಜದ ಹಿಂಡಿ ಹಸುವಿಗೆ ಹೋಗುತ್ತದೆ, ಹತ್ತಿಬೀಜದ ಎಣ್ಣೆ ಬೇರೆ ಎಣ್ಣೆಗಳ ಜೊತೆ ಅಡುಗೆಮನೆಗೆ ಬರುತ್ತದೆ. 2021ರ ಆಗಸ್ಟಿನಲ್ಲಿ ಕೋಳಿ ಮೇವಿಗೆಂದು 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಕೇಂದ್ರ ಒಪ್ಪಿತು. ಗೆಜ್ಜಲಗೆರೆ ಡೇರಿಗೆ ಬೆಳಿಗ್ಗೆ ಸಂಜೆ ಹಾಲು ಹಾಕುವ ಜಿಲ್ಲೆಯಲ್ಲಿ, ಕುಲಾಂತರಿ ನಮ್ಮ ಹೊಸಲು ತುಳಿದಿಲ್ಲ ಎನ್ನುವುದು ಭ್ರಮೆ. ಹಸುವಿನ ಜಠರದಲ್ಲಿ ಆ ಪ್ರೋಟೀನು ಅರಗಿಹೋಗುತ್ತದೆ, ಹಾಲಿಗೆ ಇಳಿಯುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ, ನನಗೆ ಅದರ ಬಗ್ಗೆ ದಿಗಿಲಿಲ್ಲ. ಆದರೆ ಹಿಂಡಿ ಕೊಳ್ಳುವವರಿಗೆ ಅದನ್ನು ತಿಳಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಬಿಟಿ ಬದನೆಗೆ ಬಂದ ವಿರೋಧ ಹುಟ್ಟಿದ್ದೂ ಹೀಗೆ ಕೇಳದೆ ಮಾಡಿದ್ದರಿಂದ. ಮಹಿಕೊ ಕಂಪನಿಯ ಜೊತೆ ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ಬಿಟಿ ಜೀನು ತುಂಬಲು ಆರಿಸಿಕೊಂಡ ಸ್ಥಳೀಯ ಬದನೆಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಮಟ್ಟು ಗ್ರಾಮದ ಜನ ವಾದಿರಾಜ ಸ್ವಾಮಿಗಳ ಪ್ರಸಾದವೆಂದು ತಲೆತಲಾಂತರದಿಂದ ಬೆಳೆದ ಗುಳ್ಳ ಅದು. ಅದನ್ನು ಬಳಸಲು ಜೀವವೈವಿಧ್ಯ ಕಾಯ್ದೆಯ ಅನುಮತಿಯನ್ನೇ ಪಡೆದಿಲ್ಲ ಎಂಬ ದೂರು ಕ್ರಿಮಿನಲ್ ಮೊಕದ್ದಮೆಯವರೆಗೂ ಹೋಯಿತು. ಕೇಂದ್ರದ ಸಮಿತಿ 2009ರ ಅಕ್ಟೋಬರಿನಲ್ಲಿ ಒಪ್ಪಿದ ಬದನೆಯನ್ನು, ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ಸಭೆ ನಡೆಸಿದ ಸಚಿವ ಜೈರಾಂ ರಮೇಶ್ 2010ರ ಫೆಬ್ರುವರಿ 9ರಂದು ತಡೆದರು. ಅದೇ ಬದನೆಯನ್ನು ಬಾಂಗ್ಲಾದೇಶದ ರೈತರು 2014ರಿಂದ ಬೆಳೆಯುತ್ತಿದ್ದಾರೆ. ಬದನೆಯ ತವರು ನಮ್ಮ ನೆಲ, ಕಾಡು ಬದನೆಗಳು ಇಲ್ಲಿನ ಬೇಲಿ ಬದಿಯಲ್ಲೇ ಇವೆ ಎಂಬ ಕಾರಣಕ್ಕೆ ಹೆಚ್ಚು ಎಚ್ಚರ ಬೇಕೆಂದರೆ ಒಪ್ಪಬಹುದು. ಹದಿನೈದು ವರ್ಷ ಕಳೆದರೂ ತಡೆಯ ನಂತರದ ಅಧ್ಯಯನ ಮುಗಿಯಲಿಲ್ಲ ಎನ್ನುವುದನ್ನು ಒಪ್ಪುವುದು ಕಷ್ಟ.

ಭತ್ತದ ವಿಷಯದಲ್ಲಿ ಇದೇ ಚಿಂತೆ ಕಿರುಗಾವಲಿಗೆ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ಆ ಊರಲ್ಲಿ ಸೈಯದ್ ಘನಿ ಖಾನ್ ನೂರಾರು ದೇಸಿ ಭತ್ತದ ತಳಿಗಳನ್ನು ಪುಟ್ಟ ಪುಟ್ಟ ತಾಕುಗಳಲ್ಲಿ ಬೆಳೆದು ಉಳಿಸಿಕೊಂಡು ಬಂದಿದ್ದಾರೆ. ಹಳೆಯ ಮಾವಿನ ತೋಪಿನ ಪಕ್ಕದಲ್ಲಿ ರಾಜಮುಡಿ, ರತ್ನಚೂಡಿ, ಗಂಧಸಾಲೆಗಳೆಲ್ಲ ಒಂದರ ಮಗ್ಗುಲಲ್ಲಿ ಒಂದು. ಭತ್ತ ತನ್ನ ಪರಾಗವನ್ನೇ ಬಳಸಿಕೊಳ್ಳುವ ಬೆಳೆ, ಬೇರೆ ತಳಿಯ ಜೊತೆ ಬೆರೆಯುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಬೆರಕೆ ಗಾಳಿಯಿಂದಷ್ಟೇ ಆಗುವುದಿಲ್ಲ. ಚೀಲ, ಕಣ, ಯಂತ್ರ, ಗೋದಾಮು ಎಲ್ಲಿ ಬೇಕಾದರೂ ಆಗುತ್ತದೆ. ಅಮೆರಿಕದಲ್ಲಿ ಪ್ರಯೋಗದ ಹಂತದಲ್ಲಿದ್ದ ಬೇಯರ್ ಕಂಪನಿಯ ಕುಲಾಂತರಿ ಭತ್ತ 2006ರಲ್ಲಿ ಮಾರುಕಟ್ಟೆಯ ಅಕ್ಕಿಯಲ್ಲಿ ಕಾಣಿಸಿಕೊಂಡಾಗ ತಿಂದವರು ಯಾರೂ ಕಾಯಿಲೆ ಬೀಳಲಿಲ್ಲ. ವಿದೇಶಗಳು ಅಕ್ಕಿ ಕೊಳ್ಳುವುದನ್ನು ನಿಲ್ಲಿಸಿದವು, ಬೆಲೆ ಬಿತ್ತು. 2011ರಲ್ಲಿ ಕಂಪನಿ ರೈತರಿಗೆ 75 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿತು. ನಮ್ಮಲ್ಲಿ ಅಂಥದ್ದಾದರೆ ಪರಿಹಾರ ಯಾರು ಕೊಡುತ್ತಾರೆ ಎಂದು ಯಾವ ಕಾನೂನಿನಲ್ಲೂ ಸ್ಪಷ್ಟವಾಗಿ ಬರೆದಿಲ್ಲ.

ಸರ್ಕಾರಿ ಸಂಸ್ಥೆ ಮಾಡಿದರೆ ಸರಿಹೋಗುತ್ತದೆ ಎನ್ನುವವರಿಗೆ ಬಿಕಾನೇರಿ ನರ್ಮಾದ ನೆನಪು ಮಾಡಬೇಕು. ರೈತ ಬೀಜ ಎತ್ತಿಟ್ಟುಕೊಳ್ಳಬಹುದಾದ ಸ್ವದೇಶಿ ಬಿಟಿ ಹತ್ತಿ ಎಂದು ನಾಗಪುರ ಮತ್ತು ಧಾರವಾಡದ ಸಂಸ್ಥೆಗಳು 2009ರಲ್ಲಿ ಬಿಟ್ಟ ತಳಿ ಅದು. ಒಳಗೆ ಸಿಕ್ಕಿದ್ದು ಮಾನ್ಸಾಂಟೊದ್ದೇ ಜೀನು. ತಳಿ ಹಿಂದಕ್ಕೆ ಹೋಯಿತು, ವಿಚಾರಣಾ ಸಮಿತಿ ಕೂತಿತು. ಒಳ್ಳೆಯ ಆಸೆಯೊಂದು ಪ್ರಯೋಗಾಲಯದ ಅಶಿಸ್ತಿಗೆ ಬಲಿಯಾದ ಈ ಕತೆ ನನ್ನನ್ನು ಕಂಪನಿಗಳ ಕತೆಗಿಂತ ಹೆಚ್ಚು ಕಾಡುತ್ತದೆ.

ಕುಲಾಂತರಿ ಜೀವಿಗಳ ಮೇಲೆ ನಿಗಾ ಇಡುವ ಕೇಂದ್ರದ 1989ರ ನಿಯಮಗಳಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಯೊಂದು ಇರಬೇಕೆಂದಿದೆ. ಕಾರ್ಖಾನೆ ನಿರೀಕ್ಷಕರು, ಮಾಲಿನ್ಯ ನಿಯಂತ್ರಣ ಮಂಡಳಿಯವರು, ವೈದ್ಯಾಧಿಕಾರಿ, ಕೃಷಿ ಅಧಿಕಾರಿ ಅದರ ಸದಸ್ಯರು. ಪಟ್ಟಿಯಲ್ಲಿ ರೇಷ್ಮೆ ಇಲಾಖೆ ಇಲ್ಲ, ಬೇಕಾದವರನ್ನು ಸೇರಿಸಿಕೊಳ್ಳಲು ಅವಕಾಶವಿದೆ. ಮಂಡ್ಯದಂಥ ಜಿಲ್ಲೆಗೆ ಆ ಅವಕಾಶ ಬಳಸಿಕೊಳ್ಳುವುದು ಒಂದು ಸಹಿಯ ಕೆಲಸ.

ಕಮಲಾ ಬಂದಳು

ಇಷ್ಟೆಲ್ಲ ಹಳೆಯ ಜಗಳ ನಡೆಯುತ್ತಿರುವಾಗ ಹೊಸ ಬೀಜ ಬೇರೆ ಬಾಗಿಲಿನಿಂದ ಬಂದಿದೆ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ಜೀನೋಮ್ ತಿದ್ದಿದ ಭತ್ತಗಳನ್ನು ಘೋಷಿಸಿದರು. ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ 'ಡಿಆರ್‌ಆರ್ ಧನ್ 100', ಅಂದರೆ ಕಮಲಾ, ಸಾಂಬಾ ಮಸೂರಿಯನ್ನು ತಿದ್ದಿದ್ದು. ದೆಹಲಿಯ 'ಪೂಸಾ ಡಿಎಸ್‌ಟಿ 1' ಎಂಟಿಯು 1010 ಅನ್ನು ತಿದ್ದಿದ್ದು. ಶಿಫಾರಸಾದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಇವುಗಳಲ್ಲಿ ಹೊರಗಿನ ಜೀನು ಇಲ್ಲ. ಕ್ರಿಸ್ಪರ್ ಎಂಬ ತಂತ್ರದಿಂದ ಭತ್ತದ್ದೇ ಒಂದು ಜೀನಿನಲ್ಲಿ ಸಣ್ಣ ಬದಲಾವಣೆ ಮಾಡಿದ್ದಾರೆ. ಕಮಲಾದಲ್ಲಿ ತೆನೆಗೆ ಕಾಳು ಹೆಚ್ಚು, ಇಳುವರಿ ಶೇ 19ರಷ್ಟು ಏರುತ್ತದೆ, ಸುಮಾರು 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂಬುದು ಸಂಸ್ಥೆಯ ಮಾತು. ಪೂಸಾ ಡಿಎಸ್‌ಟಿ ಚೌಳನ್ನೂ ಬರವನ್ನೂ ತಾಳುತ್ತದಂತೆ.

ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಯವರಿಗೆ ಇವೆರಡೂ ಕಿವಿ ನೆಟ್ಟಗಾಗುವ ಮಾತು. ನೀರು ಮೇಲಿನವರಿಗೆ ಮುಗಿದು ಕೆಳಗೆ ಬರುವಷ್ಟರಲ್ಲಿ ಪೈರು ಬಾಡಿರುತ್ತದೆ. 2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬದೆ ಕಾವೇರಿಗಾಗಿ ಮಂಡ್ಯ ಬೀದಿಗಿಳಿದಿತ್ತು. ಇಪ್ಪತ್ತು ದಿನದ ನೀರು ಉಳಿಯುವುದಾದರೆ ಅದು ಸಣ್ಣ ವಿಷಯವಲ್ಲ. ನಾಲೆ ಬಂದ ಮೇಲೆ ಚೌಳಾದ ಭೂಮಿಯೂ ನಮ್ಮಲ್ಲಿ ಸಾಕಷ್ಟಿದೆ. ಬರೀ ವಿರೋಧಕ್ಕಾಗಿ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ತಕರಾರು ಇರುವುದು ಪರೀಕ್ಷೆಯ ಬಗ್ಗೆ. 2022ರ ಮಾರ್ಚಿನ ಆದೇಶವೊಂದು ಇಂಥ ತಳಿಗಳನ್ನು 1989ರ ನಿಯಮಗಳ ಮುಖ್ಯ ಭಾಗದಿಂದ ಹೊರಗಿಟ್ಟಿತು. ಹೊರಗಿನ ಜೀನು ಇಲ್ಲ ಎಂದು ಸಂಸ್ಥೆಯ ಒಳಗಿನ ಜೈವಿಕ ಸುರಕ್ಷತಾ ಸಮಿತಿ ಖಚಿತಪಡಿಸಿದರೆ ಕೇಂದ್ರದ ದೊಡ್ಡ ಸಮಿತಿಯ ಮೆಟ್ಟಿಲು ಹತ್ತಬೇಕಿಲ್ಲ. ನಿಯಮ ನೋಡುವುದು ಬೀಜವನ್ನು ಹೇಗೆ ಮಾಡಿದರು ಎಂಬುದನ್ನು, ಅದು ಹೊಲದಲ್ಲಿ ಏನು ಮಾಡುತ್ತದೆ ಎಂಬುದನ್ನಲ್ಲ. ಈ ಎಡವಟ್ಟು ಇನ್ನೊಂದು ಕಡೆಯೂ ಇದೆ. ಈಗಾಗಲೇ ಬಿಡುಗಡೆಯಾಗಿರುವ ಪೂಸಾ ಬಾಸ್ಮತಿ 1979 ಮತ್ತು 1985 ಕಳೆನಾಶಕ ತಾಳುವ ಭತ್ತಗಳು. ಆ ಗುಣ ಬಂದದ್ದು ಹಳೆಯ ಮ್ಯುಟೇಶನ್ ವಿಧಾನದಿಂದ, ಹಾಗಾಗಿ ಅವು ಕುಲಾಂತರಿಯಲ್ಲ, ಆ ಪರೀಕ್ಷೆಗಳೂ ಇಲ್ಲ. ಕಳೆ ಭತ್ತಕ್ಕೆ ಆ ಗುಣ ದಾಟಿ, ಔಷಧಿಗೂ ಜಗ್ಗದ ಕಳೆ ಹುಟ್ಟುವ ಅಪಾಯ ಮಾತ್ರ ಯಾವ ವಿಧಾನದಲ್ಲಿ ಬಂದರೂ ಒಂದೇ. ಸಾಸಿವೆಗೆ ವರ್ಷಗಟ್ಟಲೆ ಕೋರ್ಟು, ಬಾಸ್ಮತಿಗೆ ಒಂದು ಸಮಾರಂಭ.

ಕಮಲಾ ನಮ್ಮ ಕಡೆಗೆ ಬರುವ ಮೊದಲು ವಿ.ಸಿ. ಫಾರಂ ತನ್ನ ಗದ್ದೆಯಲ್ಲಿ, ಕೊನೆಭಾಗದ ರೈತರ ಗದ್ದೆಯಲ್ಲಿ, ಮುಂಗಾರಲ್ಲೂ ಬೇಸಿಗೆ ಬೆಳೆಯಲ್ಲೂ ನಾಟಿ ಮಾಡಿ ಲೆಕ್ಕವನ್ನು ಬಹಿರಂಗವಾಗಿ ಇಡಬೇಕು. ಶೇ 19 ಎಂಬುದು ಮದ್ದೂರಿನ ನೀರಿನಲ್ಲಿ ಎಷ್ಟಾಗುತ್ತದೆ, ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಹೇಗಿರುತ್ತದೆ ಎಂದು ತಿಳಿಯಬೇಕು. ಹುಲ್ಲಿನ ಲೆಕ್ಕವೂ ಬೇಕು. ಇಪ್ಪತ್ತು ದಿನ ಮೊದಲೇ ಕೊಯ್ದ ಪೈರಿನ ಮೆದೆ ಎಷ್ಟು ಎತ್ತರ ಬರುತ್ತದೆ ಎಂಬುದನ್ನು ವಿಜ್ಞಾನಿಗಳ ಪತ್ರಿಕಾ ಹೇಳಿಕೆಯಲ್ಲಿ ಯಾರೂ ಬರೆಯುವುದಿಲ್ಲ, ಎರಡು ಹಸು ಕಟ್ಟಿದವರು ಮೊದಲು ಕೇಳುವುದು ಅದನ್ನೇ.

ಕಮಲಾ ಹೈಬ್ರಿಡ್ ಅಲ್ಲ, ಎತ್ತಿಟ್ಟ ಕಾಳನ್ನೇ ಮರುವರ್ಷ ಒಟ್ಲಿಗೆ ಹಾಕಬಹುದು. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು, ಬೀಜವನ್ನು ಉಳಿಸುವ, ಬಿತ್ತುವ, ಬದಲಾಯಿಸಿಕೊಳ್ಳುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಆದರೆ ಕ್ರಿಸ್ಪರ್ ತಂತ್ರದ ಪೇಟೆಂಟುಗಳು ವಿದೇಶದ ಸಂಸ್ಥೆಗಳ ಕೈಯಲ್ಲಿವೆ. ಆ ಪೇಟೆಂಟಿನ ಬಾಬ್ತು ನಾಳೆ ಒಟ್ಲಿನವರೆಗೆ ಬರುವುದಿಲ್ಲ ಎಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಬರಹದಲ್ಲಿ ಹೇಳಲಿ. ರೈತ ಸಂಪರ್ಕ ಕೇಂದ್ರದಲ್ಲಿ ಮೊದಲ ಚೀಲ ಇಳಿಸುವ ದಿನ ಆ ಕಾಗದವೂ ಗೋಡೆಯ ಮೇಲೆ ಇರಲಿ.